ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುವುದೇಕೆ?

ರಾತ್ರಿ ಎರಡು ಗಂಟೆಗೆ ಪಕ್ಕೆಯಲ್ಲಿ ಚಾಕು ಇಟ್ಟು ತಿರುವಿದಂತಹ ನೋವು. ಕುಳಿತರೂ ಆಗದು, ಮಲಗಿದರೂ ಆಗದು. ಸೊಂಟದ ಹಿಂಬದಿಯಿಂದ ಹೊರಟ ನೋವು ಕೆಳಹೊಟ್ಟೆಗೆ, ತೊಡೆಯ ಸಂದಿಗೆ ಇಳಿಯುತ್ತದೆ. ಜೊತೆಗೆ ವಾಂತಿ, ತಣ್ಣನೆಯ ಬೆವರು. ಗ್ಯಾಸ್ ಇರಬೇಕೆಂದು ಮನೆಯವರು ಸೋಡಾ ಕುಡಿಸುತ್ತಾರೆ, ಬೆನ್ನಿಗೆ ಬಾಮ್ ಹಚ್ಚುತ್ತಾರೆ. ಬೆಳಿಗ್ಗೆ ಒಂದು ಇಂಜೆಕ್ಷನ್, ಆಮೇಲೆ ಒಂದು ಸ್ಕ್ಯಾನ್. ವರದಿಯಲ್ಲಿ 6 ಮಿಲಿಮೀಟರ್ ಕಲ್ಲು ಎಂದು ಬಂದಾಗ ಎಲ್ಲರಿಗೂ ಅಚ್ಚರಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ನಮ್ಮ ಮನೆಗಳಲ್ಲಿ ಇಂತಹ ರಾತ್ರಿಯನ್ನು ಕಂಡವರು ಒಬ್ಬಿಬ್ಬರಲ್ಲ. ನಿಮ್ಮ ಮನೆಯಲ್ಲೇ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ.

ಕಲ್ಲು ಬಿದ್ದುಹೋಗುತ್ತದೆ, ಇಲ್ಲವೇ ಡಾಕ್ಟರು ತೆಗೆಯುತ್ತಾರೆ. ಮನೆಮಂದಿ ಉಸ್ಸಪ್ಪಾ ಎಂದು ನಿಟ್ಟುಸಿರು ಬಿಡುತ್ತಾರೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಅದೇ ನೋವು, ಕೆಲವೊಮ್ಮೆ ಇನ್ನೊಂದು ಪಕ್ಕೆಯಲ್ಲಿ. ಒಮ್ಮೆ ಕಲ್ಲು ಆದವರಲ್ಲಿ ಏನನ್ನೂ ಬದಲಿಸಿಕೊಳ್ಳದ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಇನ್ನೊಂದು ಕಲ್ಲು ಆಗುತ್ತದೆ. ಆಪರೇಷನ್ ಕಲ್ಲನ್ನು ಮಾತ್ರ ತೆಗೆಯುತ್ತದೆ. ಕಲ್ಲು ಹುಟ್ಟಿಸುವ ಕೆಲಸ ನಮ್ಮ ನೀರಿನ ಲೋಟ, ಊಟದ ತಟ್ಟೆ ಮತ್ತು ಸೊಂಟದ ಸುತ್ತಳತೆಯಲ್ಲಿ ನಡೆಯುತ್ತಲೇ ಇರುತ್ತದೆ.

ಮೊದಲು ಕಲ್ಲು ಹೇಗೆ ಆಗುತ್ತದೆಂದು ನೋಡೋಣ. ಅಕ್ಕಿಯಲ್ಲಿನ ಕಲ್ಲು ನುಂಗಿದ್ದರಿಂದಾಗಲೀ, ಟೊಮೆಟೊ ಬೀಜ ಹೋಗಿ ಕೂತಿದ್ದರಿಂದಾಗಲೀ ಕಿಡ್ನಿಯಲ್ಲಿ ಕಲ್ಲು ಆಗುವುದಿಲ್ಲ. ಕಲ್ಲುಸಕ್ಕರೆ ಮಾಡುವುದನ್ನು ನೆನಪಿಸಿಕೊಳ್ಳಿ. ತೆಳುವಾದ ಸಕ್ಕರೆ ನೀರನ್ನು ಎಷ್ಟು ದಿನ ಇಟ್ಟರೂ ಹರಳು ಕಟ್ಟುವುದಿಲ್ಲ. ಪಾಕ ಗಟ್ಟಿಯಾದಾಗ ಮಾತ್ರ ಸಣ್ಣ ಹರಳು ಹುಟ್ಟಿ, ಅದರ ಮೇಲೆ ಇನ್ನೊಂದು ಕೂತು ದೊಡ್ಡದಾಗುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಕರಗಿರುತ್ತವೆ. ಮೂತ್ರ ತೆಳುವಾಗಿದ್ದರೆ ಅವೆಲ್ಲ ಹರಿದು ಹೋಗುತ್ತವೆ, ಗಟ್ಟಿಯಾದರೆ ಹರಳು ಕಟ್ಟುತ್ತವೆ. ಹರಳು ಕಟ್ಟದಂತೆ ತಡೆಯುವ ಸಿಟ್ರೇಟ್ ಎಂಬ ವಸ್ತುವೂ ಮೂತ್ರದಲ್ಲಿದೆ. ಅದು ಕಡಿಮೆಯಾದರೂ ತೊಂದರೆಯೇ. ನಮ್ಮಲ್ಲಿ ಕಾಣುವ ಕಲ್ಲುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳು. ಯೂರಿಕ್ ಆಮ್ಲದ ಕಲ್ಲುಗಳದ್ದು ಸಣ್ಣ ಪಾಲು, ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಪಾಲು ದೊಡ್ಡದು. ಅದರ ವಿಚಾರ ಮುಂದೆ ಬರುತ್ತದೆ.

ನೀರು ಗಡುಸೋ, ಕಡಿಮೆಯೋ?

ನಮ್ಮ ಕಡೆ ಕಲ್ಲಿನ ಮಾತು ಬಂದರೆ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರು. ಹೊಳೆನರಸೀಪುರದ ಬದಿಯಲ್ಲಿ ಹೇಮಾವತಿ ಹರಿಯುತ್ತಾಳೆ, ಚನ್ನರಾಯಪಟ್ಟಣದ ಕಡೆ ಒಣಬಯಲು, ಬೋರ್‌ವೆಲ್ಲೇ ಗತಿ. ಪಾತ್ರೆಯ ತಳದಲ್ಲಿ ಕೂತ ಬಿಳಿ ಪದರ ನೋಡಿದವರಿಗೆ, ಇದೇ ಹೊಟ್ಟೆಯೊಳಗೂ ಕೂರುತ್ತದೆ ಎನಿಸುವುದು ಸಹಜ. ಆದರೆ ಗಡುಸು ನೀರು ಕುಡಿದವರಿಗೆಲ್ಲ ಕಲ್ಲು ಆಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸಲೂಬಹುದು. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಗಳು ಬಂದದ್ದು ಬೇರೆ ಕಾರಣಗಳಿಗೆ ಒಳ್ಳೆಯದೇ. ಆದರೆ ಅದೇ ಕ್ಯಾನ್ ನೀರು ಕುಡಿಯುವ ಮನೆಯಲ್ಲೂ ದಿನಕ್ಕೆ ನಾಲ್ಕೇ ಲೋಟ ಕುಡಿದರೆ ಮೂತ್ರ ಪಾಕವಾಗುತ್ತದೆ. ಯಾವ ನೀರು ಎಂಬ ಪ್ರಶ್ನೆಗಿಂತ ಎಷ್ಟು ನೀರು ಎಂಬ ಪ್ರಶ್ನೆ ದೊಡ್ಡದು.

ಎಷ್ಟು ಬೇಕು? ಲೋಟ ಎಣಿಸುವ ಬದಲು ಹೊರಬರುವುದನ್ನು ನೋಡಿ. ಒಮ್ಮೆ ಕಲ್ಲು ಆದವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರಬೇಕು. ಅದಕ್ಕೆ ಎರಡೂವರೆಯಿಂದ ಮೂರು ಲೀಟರ್ ಕುಡಿಯಬೇಕಾಗುತ್ತದೆ. ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವವರು, ಬೇಕರಿಯ ಒಲೆಯ ಮುಂದೆ ನಿಲ್ಲುವವರು, ಲಾರಿ ಓಡಿಸುವವರು ಇನ್ನೂ ಹೆಚ್ಚು ಕುಡಿಯಬೇಕು, ಏಕೆಂದರೆ ಅವರ ನೀರಿನ ದೊಡ್ಡ ಪಾಲು ಬೆವರಾಗಿ ಹೋಗುತ್ತದೆ. ರಜೆಯ ಒಂದು ದಿನ ಅಳತೆಯ ಹಳೇ ಬಾಟಲಿಯಲ್ಲಿ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಅಳೆದು ನೋಡಿ. ಮುಜುಗರ ಅನಿಸಬಹುದು, ಆದರೆ ಆ ಒಂದು ದಿನದ ಲೆಕ್ಕ ಹತ್ತು ಉಪದೇಶಕ್ಕಿಂತ ಹೆಚ್ಚು ಹೇಳುತ್ತದೆ. ಅಳೆಯಲು ಆಗದವರು ಬಣ್ಣ ನೋಡಲಿ. ತೆಳು ಹಳದಿ ಸರಿ. ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನೀರು ಸಾಲದು.

ನೀರು ಕುಡಿಯುವುದರಿಂದ ನಿಜವಾಗಿಯೂ ಏನಾದರೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಟಲಿಯ ಪಾರ್ಮಾ ನಗರದ ವೈದ್ಯರು ಮೊದಲ ಸಲ ಕಲ್ಲು ಆದ 199 ಮಂದಿಯನ್ನು ಐದು ವರ್ಷ ಹಿಂಬಾಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ನೀರು ಕುಡಿದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಮತ್ತೆ ಕಲ್ಲು ಬಂತು. ಎಂದಿನಂತೆಯೇ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ ಬಂತು. ಬರೀ ನೀರಿನ ವ್ಯತ್ಯಾಸ.

ಇಲ್ಲಿ ಹೆಣ್ಣುಮಕ್ಕಳ ವಿಚಾರ ಹೇಳಲೇಬೇಕು. ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಬಸ್ ಹತ್ತುವ ನಮ್ಮ ಅಕ್ಕತಂಗಿಯರು ಬೆಳಿಗ್ಗೆಯಿಂದ ಒಂದು ಹನಿ ನೀರು ಬಾಯಿಗೆ ಹಾಕುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಇಳಿದರೆ ಸ್ವಚ್ಛವಾದ ಶೌಚಾಲಯ ಸಿಗುವುದಿಲ್ಲ, ಬುರ್ಖಾ ಎತ್ತಿ ಹಿಡಿದು ಆ ಕೊಳಕಿನಲ್ಲಿ ಕಾಲಿಡುವುದಕ್ಕಿಂತ ಬಾಯಾರಿಕೆಯೇ ವಾಸಿ ಎನಿಸುತ್ತದೆ. ಶಾದಿ ಮಹಲಿನಲ್ಲಿ ಗಂಡಸರ ಕಡೆ ನಾಲ್ಕು ಶೌಚಾಲಯ ಇದ್ದರೆ ಹೆಂಗಸರ ಕಡೆ ಒಂದು, ಅದರ ಚಿಲಕವೂ ಸರಿಯಿಲ್ಲ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ನೀರಿನ ಬಾಟಲಿಯನ್ನು ತುಂಬಿದ ಹಾಗೆಯೇ ಮನೆಗೆ ತರುತ್ತಾರೆ. ಅಮ್ಮಂದಿರೇ, ಇಂದು ಸಂಜೆ ಮಗಳ ಬಾಟಲಿ ತೆರೆದು ನೋಡಿ. ತುಂಬಿದ್ದರೆ ಬೈಯಬೇಡಿ, ಶಾಲೆಯ ಶೌಚಾಲಯ ಹೇಗಿದೆ ಎಂದು ಕೇಳಿ. ಮೂತ್ರ ಕಟ್ಟಿಕೊಳ್ಳುವುದರಿಂದ ಸೋಂಕು ಬರುತ್ತದೆ, ಪದೇ ಪದೇ ಬರುವ ಸೋಂಕು ಇನ್ನೊಂದು ಜಾತಿಯ ಕಲ್ಲಿಗೆ ದಾರಿ. ಆ ಕಲ್ಲು ಬೇಗ ಬೆಳೆದು ಇಡೀ ಕಿಡ್ನಿಯ ಒಳಭಾಗವನ್ನೇ ತುಂಬಬಲ್ಲದು. ಮಸೀದಿ ಕಮಿಟಿಗಳು, ಮಹಲು ನಡೆಸುವವರು ಹೆಂಗಸರ ಕಡೆಯ ಶೌಚಾಲಯಕ್ಕೆ ಹಣ ಹಾಕಿದರೆ ಅದು ಆರೋಗ್ಯಕ್ಕೆ ಹಾಕಿದ ಹಣ ಎಂದು ನನ್ನ ಅಭಿಪ್ರಾಯ.

ಗಲ್ಫಿನಲ್ಲಿ ದುಡಿಯುವ ಮಗ, ಅಳಿಯ ಇದ್ದರೆ ಅವರಿಗೂ ಫೋನಿನಲ್ಲಿ ಇದನ್ನು ಹೇಳಿ. ಆ ಸೆಕೆಯಲ್ಲಿ ಬಾಯಾರಿಕೆ ಆದ ಮೇಲೆ ಕುಡಿದರೆ ತಡವಾಗಿರುತ್ತದೆ. ಬಾಯಾರಿಕೆಗೆ ಕೋಲಾ ಕುಡಿಯುವ ರೂಢಿಯಂತೂ ಎರಡು ಪಟ್ಟು ಕೆಟ್ಟದ್ದು.

ರಮಝಾನಿನಲ್ಲಿ

ಉಪವಾಸದಿಂದ ಕಲ್ಲು ಆಗುತ್ತದೆಯೇ? ಆರೋಗ್ಯವಂತರಿಗೆ ಉಪವಾಸವೊಂದರಿಂದಲೇ ಕಲ್ಲು ಹುಟ್ಟುತ್ತದೆ ಎನ್ನಲು ಆಧಾರವಿಲ್ಲ. ಸೌದಿ ಅರೇಬಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಕಲ್ಲಿನ ನೋವಿನಿಂದ ಆಸ್ಪತ್ರೆಗೆ ಬಂದವರ ಸಂಖ್ಯೆ ಬೇಸಿಗೆಯ ಸೆಕೆಯ ಜೊತೆ ಏರಿತ್ತೇ ಹೊರತು ರಮಝಾನ್ ತಿಂಗಳ ಜೊತೆ ಅಲ್ಲ. ತೊಂದರೆ ಇರುವುದು ಸಂಜೆಯಿಂದ ಬೆಳಗಿನವರೆಗೆ ನಾವು ಮಾಡುವುದರಲ್ಲಿ. ಇಫ್ತಾರಿಗೆ ಸಮೋಸ, ಬೋಂಡಾ, ಉಪ್ಪುಖಾರದ ಚಾಟ್, ಬಣ್ಣದ ಶರಬತ್ತು. ತರಾವೀಹ್ ಮುಗಿಸಿ ಬಂದು ಕಬಾಬ್. ಸಹರಿಗೆ ಏಳುವುದೇ ತಡವಾಗಿ, ಅವಸರದಲ್ಲಿ ಎರಡು ಲೋಟ ನೀರು, ಜೊತೆಗೆ ಉಪ್ಪಿನಕಾಯಿ. ಇಡೀ ರಾತ್ರಿಯ ಲೆಕ್ಕ ಹಾಕಿದರೆ ಒಂದೂವರೆ ಲೀಟರೂ ಆಗಿರುವುದಿಲ್ಲ. ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ, ಉದಾಹರಣೆಗೆ 2024 ಮತ್ತು 2025ರಲ್ಲಿ, ಉಪವಾಸಗಳು ಮಾರ್ಚ್ ತಿಂಗಳ ಬಿಸಿಲಿಗೇ ಬಂದಿದ್ದವು ಎಂಬುದನ್ನೂ ನೆನಪಿಡಿ.

ಹೀಗೆ ಮಾಡಿ. ಖರ್ಜೂರದ ಜೊತೆ ಎರಡು ಲೋಟ ನೀರು. ಮಗ್ರಿಬ್ ಮತ್ತು ಇಶಾ ನಡುವೆ ಎರಡು. ತರಾವೀಹಿಗೆ ಹೋಗುವಾಗ ಬಾಟಲಿ ಒಯ್ಯಿರಿ, ಮುಗಿಸಿ ಬಂದ ಮೇಲೆ ಮಲಗುವವರೆಗೆ ಮೂರು. ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ಇನ್ನು ಮೂರು, ಒಂದೇ ಉಸಿರಿಗೆ ಅಲ್ಲ. ದೊಡ್ಡ ಲೋಟವಾದರೆ ಇಷ್ಟಕ್ಕೇ ಎರಡೂವರೆ ಲೀಟರ್ ಆಗುತ್ತದೆ. ರಮಝಾನ್ ಗಂಜಿ ತೆಳುವಾಗಿ, ಉಪ್ಪು ಕಡಿಮೆ ಹಾಕಿ ಮಾಡಿದರೆ ಅದೂ ಒಳ್ಳೆಯ ಪಾನೀಯವೇ. ಆದರೆ ಈಗಾಗಲೇ ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಿರುವವರು, ಒಂದೇ ಕಿಡ್ನಿ ಇರುವವರು, ಕ್ರಿಯಾಟಿನಿನ್ ಏರಿರುವವರು, ಪದೇ ಪದೇ ಕಲ್ಲು ಆಗುತ್ತಿರುವವರು ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ರೋಗಿಗಳಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ನೋವಿನಲ್ಲಿ ಹೊರಳಾಡುತ್ತಾ ಹಠ ಹಿಡಿಯುವ ಹಿರಿಯರಿಗೆ ಮನೆಯವರ ಮಾತಿಗಿಂತ ಮಸೀದಿಯ ಇಮಾಮರ ಒಂದು ಮಾತು ಹೆಚ್ಚು ನಾಟುತ್ತದೆ, ಅವರ ಸಹಾಯ ಕೇಳಿ.

ಉಪ್ಪು, ಮಾಂಸ ಮತ್ತು ಹೊಟ್ಟೆಯ ಸುತ್ತಳತೆ

ಕ್ಯಾಲ್ಸಿಯಂ ಕಲ್ಲು ಎಂದ ತಕ್ಷಣ ಜನ ಹಾಲು ಮೊಸರು ಬಿಡುತ್ತಾರೆ. ಇದು ತಪ್ಪು. ಹಾಗೆ ಮಾಡಿದರೆ ಕಲ್ಲು ಹೆಚ್ಚಬಹುದು. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟಿನ ಕೈ ಹಿಡಿದು ಅದನ್ನು ಹೊರಗೆ ಒಯ್ಯುತ್ತದೆ. ಹಾಲು ಬಿಟ್ಟರೆ ಆಕ್ಸಲೇಟ್ ಒಂಟಿಯಾಗಿ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ಪಾರ್ಮಾದ ಅದೇ ವೈದ್ಯರು ಕಲ್ಲು ಮರುಕಳಿಸುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾಲಿನ ಪದಾರ್ಥ ಕಡಿಮೆ ಮಾಡಿಸಿದರು. ಇನ್ನೊಂದಕ್ಕೆ ಹಾಲು ಎಂದಿನಂತೆ ಕೊಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿಸಿದರು. ಐದು ವರ್ಷದ ಕೊನೆಗೆ ಮೊದಲ ಗುಂಪಿನ 60 ಮಂದಿಯಲ್ಲಿ 23 ಮಂದಿಗೆ ಮತ್ತೆ ಕಲ್ಲು, ಎರಡನೆಯ ಗುಂಪಿನಲ್ಲಿ 12 ಮಂದಿಗೆ. 2002ರಲ್ಲಿ ಇದು ಪ್ರಕಟವಾಯಿತು. ಇಷ್ಟು ವರ್ಷಗಳಾದರೂ 'ಹಾಲು ಬಿಡಿ' ಎಂಬ ಸಲಹೆ ನಮ್ಮ ಊರುಗಳಲ್ಲಿ ಬಿಟ್ಟಿಲ್ಲ. ಊಟದ ಜೊತೆ ಒಂದು ಬಟ್ಟಲು ಮೊಸರು ಅಥವಾ ಮಜ್ಜಿಗೆ ಧಾರಾಳವಾಗಿ ತೆಗೆದುಕೊಳ್ಳಿ, ಮಜ್ಜಿಗೆಗೆ ಉಪ್ಪು ಮಾತ್ರ ಬೇಡ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿರುವವರು ಅದನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳದೆ ಊಟದ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು, ಡಾಕ್ಟರಿಗೆ ಕಲ್ಲಿನ ವಿಚಾರ ತಿಳಿಸಿಡಿ.

ಬಿಡಬೇಕಾದದ್ದು ಉಪ್ಪು. ಉಪ್ಪು ಹೆಚ್ಚಾದಷ್ಟೂ ಕಿಡ್ನಿ ಮೂತ್ರದೊಳಗೆ ಕ್ಯಾಲ್ಸಿಯಂ ಹೆಚ್ಚು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಭಾರತೀಯರು ತಿನ್ನುತ್ತಿರುವುದು ಸರಾಸರಿ ಸುಮಾರು 8 ಗ್ರಾಂ. ಅಡುಗೆಗೆ ಹಾಕುವ ಉಪ್ಪು ಅಷ್ಟಾಗಿ ಕಾಣದು, ಆದರೆ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿಯ ಖಾರಾ ಬಿಸ್ಕತ್ತು, ಚಿಪ್ಸ್ ಸೇರಿದಾಗ ಲೆಕ್ಕ ಮೀರುತ್ತದೆ. ದಸ್ತರ್‌ಖಾನ್ ಮೇಲೆ ಉಪ್ಪಿನ ಡಬ್ಬಿ ಇಡುವುದನ್ನು ನಿಲ್ಲಿಸಿ ನೋಡಿ. ಎರಡು ವಾರ ಸಪ್ಪೆ ಎನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಮಾಂಸದ ಮಾತಿಗೆ ಬಂದರೆ ಕೋಪ ಮಾಡಿಕೊಳ್ಳಬೇಡಿ. ಬಿರಿಯಾನಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಮಟನ್, ಕೋಳಿ, ಮೀನು ಮೂರೂ ಹೆಚ್ಚಾದರೆ ಮೂತ್ರ ಹುಳಿಯಾಗುತ್ತದೆ, ಯೂರಿಕ್ ಆಮ್ಲ ಏರುತ್ತದೆ, ಕಲ್ಲು ತಡೆಯುವ ಸಿಟ್ರೇಟ್ ಇಳಿಯುತ್ತದೆ. ಕಲೇಜಿ, ಗುರ್ದೆಯಂತಹ ಒಳಾಂಗಗಳಲ್ಲಿ ಯೂರಿಕ್ ಆಮ್ಲ ಹುಟ್ಟಿಸುವ ವಸ್ತು ಇನ್ನೂ ಜಾಸ್ತಿ. ಬಕ್ರೀದಿನ ನಂತರದ ವಾರ ನೆನಪಿಸಿಕೊಳ್ಳಿ: ಬೆಳಿಗ್ಗೆ ಕಲೇಜಿ, ಮಧ್ಯಾಹ್ನ ಬಿರಿಯಾನಿ, ರಾತ್ರಿ ಪಾಯಾ. ಮನೆಗೆ ಉಳಿದ ಪಾಲನ್ನು ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳಿಗೆ ಹರಡಿಕೊಳ್ಳಬಹುದಲ್ಲ. ಕಲ್ಲು ಆದವರು ಮಾಂಸ ತಿಂದ ದಿನ ಒಂದು ಹೊತ್ತಿಗೆ ಮಾತ್ರ, ಅಂಗೈ ಅಗಲದಷ್ಟು ಇಟ್ಟುಕೊಳ್ಳಲಿ. ಅದೇ ದಿನ ತರಕಾರಿಯ ಗೊಜ್ಜು, ಹಣ್ಣು ಇರಲಿ, ಅವು ಸಿಟ್ರೇಟನ್ನು ಮೇಲಕ್ಕೆತ್ತುತ್ತವೆ. ಪಾಲಕ್, ಬೀಟ್‌ರೂಟ್, ಬಾದಾಮಿ, ಗೋಡಂಬಿಯಲ್ಲಿ ಆಕ್ಸಲೇಟ್ ಹೆಚ್ಚು. ಆಗಾಗ ತಿಂದರೆ ಅಡ್ಡಿಯಿಲ್ಲ, ದಿನಾ ಮಿಕ್ಸಿಯಲ್ಲಿ ರುಬ್ಬಿ ಕುಡಿಯುವ 'ಹಸಿರು ಜ್ಯೂಸ್' ಮಾತ್ರ ಬೇಡ.

ಈಗ ಸಕ್ಕರೆ ಕಾಯಿಲೆಯ ವಿಚಾರ. ಕಿಡ್ನಿ ಕಲ್ಲಿಗೂ ಶುಗರಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾದಾಗ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕಿಡ್ನಿ ಮೂತ್ರದ ಹುಳಿಯನ್ನು ತಗ್ಗಿಸುವ ಅಮೋನಿಯಾವನ್ನು ಸಾಕಷ್ಟು ತಯಾರಿಸುವುದಿಲ್ಲ. ಮೂತ್ರ ಸದಾ ಹುಳಿಯಾಗಿಯೇ ಉಳಿಯುತ್ತದೆ, ಹುಳಿ ಮೂತ್ರದಲ್ಲಿ ಯೂರಿಕ್ ಆಮ್ಲ ಕರಗದೆ ಹರಳು ಕಟ್ಟುತ್ತದೆ. ಶುಗರ್, ಬಿಪಿ, ದಪ್ಪ ಹೊಟ್ಟೆ, ಕೊಬ್ಬಿನಾಂಶದ ಏರಿಕೆ ಒಟ್ಟಿಗೆ ಇರುವವರಲ್ಲಿ ಕಲ್ಲು ಹೆಚ್ಚು ಕಾಣುವುದು ಇದರಿಂದಲೂ ಹೌದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಿರಲಿ. ಟೈಲರ್ ಟೇಪು ಮನೆಯಲ್ಲೇ ಇರುತ್ತದೆ. ಕಲ್ಲು ಸಿಕ್ಕಿದ ನಲವತ್ತು ದಾಟಿದವರು ಶುಗರ್ ಪರೀಕ್ಷೆ ಮಾಡಿಸದೆ ಮನೆಗೆ ಹೋಗಬಾರದು. ಒಂದು ಸಮಾಧಾನವೆಂದರೆ, ಎಲ್ಲ ಕಲ್ಲುಗಳಲ್ಲಿ ಔಷಧಿಯಿಂದ ಚೆನ್ನಾಗಿ ಕರಗುವುದು ಈ ಯೂರಿಕ್ ಆಮ್ಲದ ಕಲ್ಲೇ. ಸಾದಾ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಸ್ಕ್ಯಾನ್ ಬೇಕು.

ಮನೆಮದ್ದು ಮತ್ತು ಬೇಡದ ಮದ್ದು

ಹಾಸನ ಸೀಮೆಯಲ್ಲಿ ಕಲ್ಲಿಗೆ ಹುರುಳಿ ಕಟ್ಟು ಕುಡಿ, ಬಾಳೆದಿಂಡಿನ ರಸ ಕುಡಿ ಎನ್ನದ ಅಜ್ಜಿಯಿಲ್ಲ. ಕುಡಿಯಿರಿ, ಕೆಡುಕಿಲ್ಲ. ಆದರೆ ಅವು 10 ಮಿಲಿಮೀಟರ್ ಕಲ್ಲನ್ನು ಕರಗಿಸುತ್ತವೆ ಎಂದು ನಂಬಿ ಆರು ತಿಂಗಳು ಕೂರಬೇಡಿ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆ, ಹೆಸರು ಮಾತ್ರ ಆ ವಾರ ಕುಡಿದ ಕಷಾಯಕ್ಕೆ ಹೋಗುತ್ತದೆ. ನಿಂಬೆರಸದ ನೀರಿಗೆ ಹೆಚ್ಚು ಆಧಾರವಿದೆ, ಅದರಲ್ಲಿ ಸಿಟ್ರೇಟ್ ಇದೆ. ದಿನಕ್ಕೆ ಎರಡು ನಿಂಬೆಹಣ್ಣು, ಉಪ್ಪು ಸಕ್ಕರೆ ಇಲ್ಲದೆ. ಎಳನೀರು ಚನ್ನರಾಯಪಟ್ಟಣದ ತೋಟಗಳಲ್ಲಿ ಧಾರಾಳ, ಒಳ್ಳೆಯದೂ ಹೌದು, ಆದರೆ ಕಿಡ್ನಿ ಸೋಲುತ್ತಿರುವವರಿಗೆ ಅದರ ಪೊಟ್ಯಾಸಿಯಂ ಅಪಾಯ.

ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂದು ಗೆಳೆಯರು ಹೇಳಿದ್ದನ್ನು ನಮ್ಮ ಹುಡುಗರೂ ಔಷಧಿ ಎಂಬ ನೆಪದಲ್ಲಿ ಕೇಳಿಬರುತ್ತಾರೆ. ಅದು ಹರಾಮ್ ಎಂಬುದು ಒಂದು ಕಡೆ ಇರಲಿ, ವೈದ್ಯಕೀಯವಾಗಿಯೂ ಅದಕ್ಕೆ ಅರ್ಥವಿಲ್ಲ. ಮೂತ್ರ ಹೆಚ್ಚಿಸುವ ಕೆಲಸವನ್ನು ನೀರು ಮಾಡುತ್ತದೆ, ಬಿಯರ್ ಯೂರಿಕ್ ಆಮ್ಲವನ್ನು ಏರಿಸುತ್ತದೆ.

ಕಲ್ಲಿಗೆ ಹೆದರಿ ಆಸ್ಪತ್ರೆ ಬಿಡಬೇಕಾದ ಕಾಲ ಇದಲ್ಲ. ಸಾವಿರ ವರ್ಷಗಳಿಗೂ ಹಿಂದೆ ಅಲ್-ರಾಝಿ ಕಿಡ್ನಿ ಮತ್ತು ಮೂತ್ರಕೋಶದ ಕಲ್ಲುಗಳ ಬಗ್ಗೆಯೇ ಬೇರೆ ಗ್ರಂಥ ಬರೆದರು, ಅಲ್-ಝಹ್ರಾವಿ ಮೂತ್ರದ ದಾರಿಯಲ್ಲಿ ಸಿಕ್ಕಿಕೊಂಡ ಕಲ್ಲನ್ನು ಕೊರೆಯುವ ಸಣ್ಣ ಉಪಕರಣವನ್ನು ವಿವರಿಸಿದರು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಹೊರಗಿನಿಂದ ಆಘಾತ ತರಂಗ ಹಾಯಿಸಿ ರೋಗಿಯ ಕಲ್ಲನ್ನು ಪುಡಿ ಮಾಡಿದರು. ಈಗ ಸಣ್ಣ ದೂರದರ್ಶಕ, ಲೇಸರ್ ಎಲ್ಲ ಇವೆ. ಬಿಪಿಎಲ್ ಕಾರ್ಡ್ ಇರುವವರು ಹಾಸನದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ.

ನೋವು ನಿಂತಿತು ಎಂದರೆ ಕಲ್ಲು ಹೋಯಿತು ಎಂದಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಮೆಡಿಕಲ್ ಅಂಗಡಿಯ ನೋವಿನ ಮಾತ್ರೆಗೆ ನೋವು ಅಡಗಬಹುದು, ಕಲ್ಲು ನಾಳದಲ್ಲೇ ಕೂತು ಕಿಡ್ನಿಯನ್ನು ಸದ್ದಿಲ್ಲದೆ ಊದಿಸಿ ಕೆಡಿಸಬಹುದು. ಆಮೇಲೆ ಒಂದು ಸ್ಕ್ಯಾನ್ ಮಾಡಿಸಲೇಬೇಕು. ನೋವಿನ ಜೊತೆ ಚಳಿ ಜ್ವರ ಬಂದರೆ, ಮೂತ್ರ ನಿಂತರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ, ಗರ್ಭಿಣಿಗೆ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ಗಳಿಗೆಯಲ್ಲಿ ಹೊರಡಿ.

ಇನ್ನು ಕಲ್ಲು ಬಿದ್ದರೆ ಬಿಸಾಡಬೇಡಿ. ನೋವು ಬಂದ ದಿನದಿಂದ ಹಳೆಯ ಚಹಾ ಜರಡಿಯೊಂದನ್ನು ಅದಕ್ಕೆಂದೇ ತೆಗೆದಿಟ್ಟು ಮೂತ್ರವನ್ನು ಸೋಸಿ. ಸಿಕ್ಕಿದ್ದು ಸಾಸಿವೆಯಷ್ಟೇ ಇದ್ದರೂ ತೊಳೆದು, ಒಣಗಿಸಿ, ಡಬ್ಬಿಯಲ್ಲಿ ಹಾಕಿ ಡಾಕ್ಟರಿಗೆ ಕೊಡಿ. ಲ್ಯಾಬಿನಲ್ಲಿ ಅದು ಯಾವ ಜಾತಿಯ ಕಲ್ಲೆಂದು ಹೇಳುತ್ತಾರೆ. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಮ್ಲ, ಕ್ರಿಯಾಟಿನಿನ್, ಶುಗರ್ ನೋಡಿಸಿ. ರಕ್ತದ ಕ್ಯಾಲ್ಸಿಯಂ ಹೆಚ್ಚಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ತೊಂದರೆ ಇರಬಹುದು, ಅದನ್ನು ಸರಿಪಡಿಸದೆ ಎಷ್ಟು ನೀರು ಕುಡಿದರೂ ಕಲ್ಲು ನಿಲ್ಲುವುದಿಲ್ಲ. ಎರಡನೇ ಸಲ ಕಲ್ಲು ಆದವರಿಗೆ, ಮಕ್ಕಳಿಗೆ ಮತ್ತು ಅಪ್ಪ, ಅಮ್ಮ, ಅಣ್ಣತಮ್ಮಂದಿರಿಗೆ ಕಲ್ಲು ಇರುವ ಮನೆಯವರಿಗೆ 24 ಗಂಟೆಯ ಮೂತ್ರ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅದಕ್ಕೆ ಲ್ಯಾಬಿನವರು ದೊಡ್ಡ ಕ್ಯಾನ್ ಕೊಡುತ್ತಾರೆ. ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಬೆಳಗಿನ ಮೊದಲನೆಯದನ್ನು ಸೇರಿಸಿ ತುಂಬಬೇಕು. ಆ ದಿನ ಒಳ್ಳೆಯ ಫಲಿತಾಂಶ ಬರಲೆಂದು ಹೆಚ್ಚು ನೀರು ಕುಡಿಯಬೇಡಿ, ಎಂದಿನಂತೆಯೇ ತಿಂದು ಕುಡಿಯಿರಿ.